ಚಿಕ್ಕಬಳ್ಳಾಪುರದ ನೀರು ಮುಟ್ಟದ ಮಾವ

ನನ್ನ ಮಾವ ದಕ್ಷಿಣಾಮೂರ್ತಿಯವರು ಹದಿನಾರು ವರ್ಷ ಚಿಕ್ಕಬಳ್ಳಾಪುರದಲ್ಲಿ ಸರ್ಕಾರಿ ಕೆಲಸ ಮಾಡಿದರು. ಅಷ್ಟೂ ವರ್ಷ ಆ ಊರಿನ ಒಂದು ತೊಟ್ಟು ನೀರನ್ನೂ ಬಾಯಿಗೆ ಹಾಕಲಿಲ್ಲ. ಇದನ್ನು ಕೇಳಿದವರು ಮೊದಲು ಮಡಿ ಅಂದುಕೊಳ್ಳುತ್ತಾರೆ. ಮಡಿಗೂ ನಮ್ಮ ಮಾವನಿಗೂ ಸಂಬಂಧವಿಲ್ಲ. ಮುರುಗಮಲ್ಲದ ಕಡೆ ಹೋದರೆ ದರ್ಗಾದ ಎದುರಿನ ಅಂಗಡಿಯಲ್ಲಿ ನಿಂತು ಎರಡು ಲೋಟ ಟೀ ಕುಡಿದು ಬರುವ ಮನುಷ್ಯ ಅವರು. ಅವರಿಗಿದ್ದದ್ದು ಸಿಟ್ಟು. ಅದೂ ಯಾವ ಮನುಷ್ಯರ ಮೇಲೂ ಅಲ್ಲ, ಇಡೀ ಒಂದು ಊರಿನ ಮೇಲೆ.

ನಾನು ಮಹತಿ, ಅವರ ಸೊಸೆ. ಹುಟ್ಟಿ ಬೆಳೆದದ್ದು ಗೌರಿಬಿದನೂರು, ಮದುವೆಯಾಗಿ ಬಂದದ್ದು ಚಿಂತಾಮಣಿಗೆ, ಮಕ್ಕಳಿಗೆ ಸಮಾಜ ಪಾಠ ಹೇಳುವುದು ಶಿಡ್ಲಘಟ್ಟದಲ್ಲಿ. ಚಿಂತಾಮಣಿ ಮತ್ತು ಚಿಕ್ಕಬಳ್ಳಾಪುರದ ಜಗಳದ ಕತೆ ಹೇಳುವುದಕ್ಕೆ ನನಗಿಂತ ಯೋಗ್ಯರು ಸಿಗುವುದಿಲ್ಲ, ಏಕೆಂದರೆ ಎರಡೂ ಊರಿನ ಜಂಬದ ಮೇಲೆ ನನಗೆ ಸಮನಾದ ತಾತ್ಸಾರವಿದೆ. ನಮ್ಮ ಗೌರಿಬಿದನೂರಿಗೆ ಬೆಂಗಳೂರಿನ ನೇರ ರೈಲು ಎಷ್ಟೋ ಕಾಲದಿಂದ ಇದೆ. ವಿದುರಾಶ್ವತ್ಥ ಇದೆ. ಅಲೀಪುರದ ಹರಳಿನ ವ್ಯಾಪಾರಿಗಳು ನೋಡದ ದೇಶವಿಲ್ಲ. ಆದರೂ ಈ ಜಗಳದಲ್ಲಿ ನಮ್ಮೂರನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆ ಸಂಕಟ ನನ್ನದು, ಇಲ್ಲಿಗೆ ಬೇಡ.

ಎರಡು ಸಾವಿರದ ಏಳರಲ್ಲಿ ಕೋಲಾರ ಜಿಲ್ಲೆಯನ್ನು ಎರಡು ಮಾಡಿದರು. ಹೊಸ ಜಿಲ್ಲೆಯ ಕೇಂದ್ರ ಚಿಕ್ಕಬಳ್ಳಾಪುರ ಆಯಿತು. ಚಿಂತಾಮಣಿಯ ಜನ ಒಂದು ದಿನ ಉಣ್ಣಲಿಲ್ಲ ಅನ್ನುತ್ತಾರೆ ಮಾವ, ಅದು ಸುಳ್ಳು, ಉಂಡಿರುತ್ತಾರೆ. ಆದರೆ ನೊಂದದ್ದು ನಿಜ. ವ್ಯಾಪಾರ ನಮ್ಮದು, ಜನ ನಮ್ಮಲ್ಲಿ ಜಾಸ್ತಿ, ಸುತ್ತಲಿನ ಹಳ್ಳಿಗಳವರು ಬಟ್ಟೆಗೆ ಬರುವುದು ನಮ್ಮ ಪೇಟೆಗೆ, ಆಂಧ್ರದ ಗಡಿಯಿಂದ ಟೊಮೆಟೊ ಬರುವುದು ನಮ್ಮ ಮಂಡಿಗೆ, ಜಿಲ್ಲಾಧಿಕಾರಿಗಳು ಮಾತ್ರ ಆ ಊರಿಗೆ ಯಾಕೆ ಹೋಗಬೇಕು? ಇದು ಮಾವನ ಪ್ರಶ್ನೆ. ಬೆಂಗಳೂರಿಗೆ ಹತ್ತಿರ ಅಂತ ಕೊಟ್ಟರು ಎಂದು ಯಾರಾದರೂ ಅಂದರೆ, "ಹತ್ತಿರ ಇರೋದು ಒಂದು ಯೋಗ್ಯತೇನಾ? ಹಂಗಾದ್ರೆ ಯಲಹಂಕಕ್ಕೇ ಕೊಟ್ಬಿಡಿ" ಎಂದು ರೇಗುತ್ತಾರೆ.

ಆಗ ಇದನ್ನು ವಿರೋಧಿಸಿ ಪೇಟೆಯಲ್ಲಿ ಒಂದು ಸಭೆ ಆಯಿತಂತೆ. ಸರ್ಕಾರಿ ಗುಮಾಸ್ತರು ಅಂಥ ಸಭೆಯ ವೇದಿಕೆ ಹತ್ತುವ ಹಾಗಿಲ್ಲ. ಮಾವ ಕೊನೆಯ ಸಾಲಿನಲ್ಲಿ ನಿಂತು ಕೇಳಿದರು, ಸಭೆ ಮುಗಿದ ಮೇಲೆ ಕೊಂಡಪ್ಪನವರ ದಿನಸಿ ಅಂಗಡಿಯ ಮುಂದೆ ಹತ್ತು ಜನ ಸೇರಿದ್ದಾಗ ಬಾಯಿಗೆ ಬಂತು: "ಇನ್ಮೇಲೆ ಆ ಊರಿನ ಒಂದು ತೊಟ್ಟು ನೀರೂ ನಾನು ಮುಟ್ಟಲ್ಲ. ನೋಡ್ತಿರಿ." ಹತ್ತು ಜನ ಚಪ್ಪಾಳೆ ಹೊಡೆದರು. ಅವರಲ್ಲಿ ಒಂಬತ್ತು ಜನ ಮರುದಿನವೇ ಮರೆತಿದ್ದಾರು. ಕೊಂಡಪ್ಪನವರು ಮರೆಯಲಿಲ್ಲ. ಮರೆಯದೆ ಇರುವುದೇ ಅವರ ಕಸುಬು.

ಮೂರು ತಿಂಗಳು ತುಂಬುವುದರೊಳಗೆ ಮಾವನಿಗೆ ಚಿಕ್ಕಬಳ್ಳಾಪುರದ ಹೊಸ ಜಿಲ್ಲಾ ಕಚೇರಿಗಳಲ್ಲೊಂದಕ್ಕೆ ವರ್ಗವಾಯಿತು. ಆದೇಶ ಕೈಗೆ ಬಂದ ದಿನ ಕೊಂಡಪ್ಪನವರು ಅಂಗಡಿಯಿಂದ ಕೂಗಿ ಕೇಳಿದ್ದು ಊರಿಗೆಲ್ಲ ಗೊತ್ತು: "ಏಂ ಸಾರ್, ಬಾಟ್ಲು ಒಂದು ತಗೊಂಡ್ಹೋಗ್ತೀರಾ?" ತಮಾಷೆಗೆ ಕೇಳಿದ ಮಾತು. ಮಾವ ಅಂಗಡಿಗೆ ಹೋಗಿ ನಿಜಕ್ಕೂ ಒಂದು ಸ್ಟೀಲ್ ಬಾಟಲಿ, ಒಂದು ಫ್ಲಾಸ್ಕು ಕೊಂಡುಬಿಟ್ಟರು. ಅಂದಿನಿಂದ ಚಿಂತಾಮಣಿಯ ನೀರು, ಚಿಂತಾಮಣಿಯ ಕಾಫಿ, ಚಿಂತಾಮಣಿಯ ಮೊಸರನ್ನ ಏಳೂವರೆಯ ಬಸ್ಸಿನಲ್ಲಿ ದಿನಾ ಚಿಕ್ಕಬಳ್ಳಾಪುರಕ್ಕೆ ಹೋಗಿ ಬರತೊಡಗಿದವು.

ಇದರಿಂದ ಆದ ಒಂದು ವಿಚಿತ್ರವನ್ನು ಹೇಳಲೇಬೇಕು. ಕಚೇರಿಗೆ ಕೆಲಸಕ್ಕೆ ಬರುವ ಜನ ಗುಮಾಸ್ತರಿಗೆ ಕಾಫಿ ತರಿಸುತ್ತಾರೆ, ಕಾಫಿಯಿಂದ ಮಾತು ಮುಂದಕ್ಕೆ ಹೋಗುತ್ತದೆ. ಮಾವ ಕಾಫಿಯನ್ನೇ ಮುಟ್ಟದೆ ಇದ್ದದ್ದರಿಂದ ಮುಂದಿನ ಮಾತು ಯಾರಿಗೂ ತೋಚುತ್ತಿರಲಿಲ್ಲ. ಅವರು ಮೊದಲೂ ಕೈ ಚಾಚಿದವರಲ್ಲ, ಆದರೆ ಈಗ ಊರಿಗೆ ಊರೇ ಕೊಂಡಾಡಿತು. ನಿವೃತ್ತಿಯ ದಿನ ಸಹೋದ್ಯೋಗಿ ಮುರಳಿಮೋಹನ್ ಮೈಕ್ ಹಿಡಿದು, "ನಮ್ಮ ಮೂರ್ತಿ ಸಾರ್ ಈ ಊರಲ್ಲಿ ಒಂದು ಲೋಟ ನೀರು ಕೂಡ ಯಾರ ಹತ್ರಾನೂ ಈಸ್ಕೊಂಡು ಕುಡಿದವರಲ್ಲ, ಅಂಥಾ ಪ್ರಾಮಾಣಿಕರು" ಅಂದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿದ್ದ ನಾನು ನಗು ತಡೆಯಲಾಗದೆ ಸೆರಗು ಬಾಯಿಗೆ ಹಿಡಿದೆ. ಮಾವ ತಲೆ ತಗ್ಗಿಸಿ ಕೂತಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ತೆಗೆದುಕೊಂಡರು. ಹಣ್ಣನ್ನು ಬಸ್ಸಿನಲ್ಲಿ ಕಂಡಕ್ಟರ್ ಕೆಂಪರಾಜುವಿಗೆ ಕೊಟ್ಟುಬಿಟ್ಟರು.

ನಾನು ಮಾವನನ್ನು ನಿಜವಾಗಿ ಅರಿತದ್ದು ಆ ಏಳೂವರೆಯ ಬಸ್ಸಿನಲ್ಲಿಯೇ. ಎರಡು ಸಾವಿರದ ಹದಿನೆಂಟರಲ್ಲಿ ನನ್ನ ಮದುವೆಯಾಯಿತು. ನನ್ನ ಗಂಡ ಕೇಶವ್‌ಗೆ ಹೊಸಕೋಟೆಯ ಬ್ಯಾಂಕಿನಲ್ಲಿ ಕೆಲಸ, ಅವರ ಬಸ್ಸು ಆ ಕಡೆಗೆ. ನನ್ನ ಮತ್ತು ಮಾವನ ಬಸ್ಸು ಒಂದೇ. ಮಾವ ಮೊದಲೇ ಹೋಗಿ ಕಿಟಕಿಯಿಂದ ಕರ್ಚೀಫು ಹಾಕಿ ನನಗೆ ಸೀಟು ಹಿಡಿದಿರುತ್ತಿದ್ದರು. ಶಿಡ್ಲಘಟ್ಟದಲ್ಲಿ ನಾನು ಇಳಿಯುವವರೆಗೂ ಅವರ ಉಪನ್ಯಾಸ. ಪುಸ್ತಕದಲ್ಲಿ ನಾನು ಮಕ್ಕಳಿಗೆ ಓದಿಸುವ ನಗರೀಕರಣ ಅನ್ನುವ ಪಾಠವನ್ನು ಅವರು ಕಿಟಕಿಯಲ್ಲಿ ತೋರಿಸುತ್ತಿದ್ದರು.

"ನೋಡಮ್ಮ, ಆ ಬೇಲಿ. ಹೋದ ವರ್ಷ ರಾಗಿ ಹೊಲ. ಈಗ ಲೇಔಟು. ಚಿಂತಾಮಣಿ ಈ ಕಡೆ ಒಂದೂವರೆ ಕಿಲೋಮೀಟ್ರು ಬಂದಿದೆ."

"ಚಿಕ್ಕಬಳ್ಳಾಪುರ ಎಷ್ಟು ಬಂದಿದೆ ಮಾವ?"

"ಅದು ಬಂದಿದ್ರೆ ನಂಗೇನು" ಅನ್ನುತ್ತಿದ್ದರು. ಆದರೆ ಸಂಜೆ ಮನೆಗೆ ಬಂದು, ಅಲ್ಲಿ ಹೊಸದಾಗಿ ಬಂದ ಚಿನ್ನದಂಗಡಿ, ಬೈಕ್ ಶೋರೂಮು, ಮೂರಂತಸ್ತಿನ ಆಸ್ಪತ್ರೆ, ಒಂದನ್ನೂ ಬಿಡದೆ ಹೇಳುತ್ತಿದ್ದರು. ಆಮೇಲೆ ಅದೇ ಅಂಗಡಿ ಚಿಂತಾಮಣಿಗೆ ಯಾವಾಗ ಬರುತ್ತದೆ ಎಂದು ಕಾಯುವುದು. ಬಂದ ದಿನ ಮನೆಗೆ ಸಿಹಿ ತರುತ್ತಿದ್ದರು. ಎರಡು ಊರೂ ಹೀಗೆ ಒಂದನ್ನೊಂದು ನೋಡಿಕೊಂಡೇ ದೊಡ್ಡವಾದವು. ಇಲ್ಲೊಂದು ಜೋಡಿ ರಸ್ತೆ ಆದರೆ ಅಲ್ಲೊಂದು, ಅಲ್ಲೊಂದು ಕಮಾನು ಎದ್ದರೆ ಇಲ್ಲೊಂದು. ನಡುವೆ ಶಿಡ್ಲಘಟ್ಟ ಮಾತ್ರ ರೇಷ್ಮೆಗೂಡಿನ ಮಾರುಕಟ್ಟೆ, ನೂಲು ತೆಗೆಯುವ ರೀಲಿಂಗ್ ಮನೆ, ಅದರ ವಾಸನೆ ಇಟ್ಟುಕೊಂಡು ತನ್ನ ಪಾಡಿಗೆ ತಾನು ಇತ್ತು. ಈಗೀಗ ಅದೂ ಎರಡೂ ಕಡೆಗೆ ಕೈಕಾಲು ಚಾಚುತ್ತಿದೆ. ಇನ್ನು ಹತ್ತು ವರ್ಷಕ್ಕೆ ಚಿಂತಾಮಣಿಯಲ್ಲಿ ಬಸ್ಸು ಹತ್ತಿದರೆ ಚಿಕ್ಕಬಳ್ಳಾಪುರ ಯಾವಾಗ ಬಂತೆಂದು ಗೊತ್ತಾಗುವುದಿಲ್ಲ ಎಂದು ಒಮ್ಮೆ ಹೇಳಿದೆ. ಮಾವ ಕಿಟಕಿಯ ಗಾಜನ್ನು ಎಳೆದು ಮುಚ್ಚಿಬಿಟ್ಟರು.

ಒಮ್ಮೆ ಬೆಂಗಳೂರಿಗೆ ಒಂದು ತರಬೇತಿಗೆ ಹೋಗಿದ್ದರು. ಪಕ್ಕದಲ್ಲಿ ಕೂತ ಹುಡುಗ ಯಾವ ಊರು ಸಾರ್ ಎಂದ. ಇವರು ಚಿಂತಾಮಣಿ ಅಂದರು. ಅವನಿಗೆ ಗೊತ್ತಾಗಲಿಲ್ಲ. ಯಾವ ಜಿಲ್ಲೆ ಅಂದ. ಇವರು ಬೇರೆ ದಾರಿಯಿಲ್ಲದೆ ಚಿಕ್ಕಬಳ್ಳಾಪುರ ಅಂದರು. ಅವನು, "ಓ, ನಂದಿ ಬೆಟ್ಟದ ಹತ್ರ! ಹಂಗಾದ್ರೆ ನಮ್ಮ ಬೆಂಗ್ಳೂರೇ ಬಿಡಿ ಸಾರ್" ಎಂದನಂತೆ. ಮಾವ ಆ ದಿನ ಮನೆಗೆ ಬಂದು ಬಟ್ಟೆ ಬದಲಿಸದೆ ಕುರ್ಚಿಯಲ್ಲಿ ಕೂತುಬಿಟ್ಟರು. "ನಾವಿಬ್ರೂ ಹೊಡೆದಾಡ್ತಾ ಇದೀವಿ, ಅವ್ನು ಇಬ್ರನ್ನೂ ಜೇಬಿಗೆ ಹಾಕ್ಕೊಂಡ ಕಣಮ್ಮ" ಅಂದರು. ನನಗೆ ಅವರ ಮೇಲೆ ಬಹಳ ಪ್ರೀತಿ ಬಂದ ದಿನಗಳಲ್ಲಿ ಅದೊಂದು.

ಇಷ್ಟೇ ಆಗಿದ್ದರೆ ಇದು ಒಬ್ಬ ಹಟಮಾರಿ ಗುಮಾಸ್ತರ ತಮಾಷೆಯ ಕತೆ. ತೊಂದರೆ ಏನೆಂದರೆ, ನನ್ನ ಅತ್ತೆ ಜಾನಕಮ್ಮನ ತವರು ಚಿಕ್ಕಬಳ್ಳಾಪುರ.

ಬಜಾರಿನ ಹಿಂದಿನ ಬೀದಿಯಲ್ಲಿ ಜಗಲಿ ಇರುವ ಹಳೆಯ ಮನೆ. ಅಲ್ಲಿ ಅತ್ತೆಯ ತಾಯಿ ಅಶ್ವತ್ಥಮ್ಮಜ್ಜಿ, ಅತ್ತೆಯ ತಮ್ಮ ಚನ್ನಕೇಶವ. ಮದುವೆಯಾದ ಹೊಸದರಲ್ಲಿ ಮಾವ ಆ ಮನೆಯ ಊಟಕ್ಕೆ ನೆಪ ಹುಡುಕಿಕೊಂಡು ಹೋಗುತ್ತಿದ್ದರಂತೆ. ಅವರೆಕಾಯಿ ಕಾಲದಲ್ಲಿ ಅಜ್ಜಿ ಮಾಡುವ ಹಿತಕವರೆಬೇಳೆ ಹುಳಿಗೆ ಅವರು ಬಿದ್ದುಹೋಗಿದ್ದರು. ಆ ಶಪಥದ ದಿನ ಕೊಂಡಪ್ಪನವರ ಅಂಗಡಿ ಮುಂದೆ ನಿಂತಾಗ ಅತ್ತೆಯ ತವರೂ ಅದೇ ಊರಿನಲ್ಲಿದೆ ಎನ್ನುವುದು ಅವರ ತಲೆಗೆ ಹೊಳೆಯಲೇ ಇಲ್ಲ. ಹೊಳೆದ ಮೇಲೆ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ಬರಲಿಲ್ಲ.

ಹಬ್ಬ, ತಿಥಿ, ನಾಮಕರಣ, ಯಾವುದಕ್ಕೂ ಮಾವ ತಪ್ಪಿಸಿದವರಲ್ಲ. ಅತ್ತೆಯ ಜೊತೆ ಹೋಗುತ್ತಾರೆ, ಅಜ್ಜಿಗೆ ನಮಸ್ಕಾರ ಮಾಡುತ್ತಾರೆ, ಬಾಳೆಕಂಬ ಕಟ್ಟುತ್ತಾರೆ, ಬಂದವರನ್ನು ವಿಚಾರಿಸಿಕೊಳ್ಳುತ್ತಾರೆ. ಎಲೆ ಹಾಕುವ ಹೊತ್ತಿಗೆ ಹೊರಗೆ ಬಂದು ಜಗಲಿಯ ಮೇಲೆ ಕೂತು, ಅತ್ತೆ ಬೆಳಿಗ್ಗೆಯೇ ಕಟ್ಟಿಕೊಟ್ಟ ಡಬ್ಬಿ ಬಿಚ್ಚುತ್ತಾರೆ. ಬೀದಿಯ ಜನಕ್ಕೂ ಇದು ಅಭ್ಯಾಸವಾಗಿತ್ತು. "ಏನ್ ಸಾರ್, ಇವತ್ತು ಚಿತ್ರಾನ್ನನಾ?" ಎಂದು ಕೇಳಿಕೊಂಡು ಹೋಗುತ್ತಿದ್ದರು. ಸೊಸೆಯಾಗಿ ಮೊದಲ ಸಲ ಇದನ್ನು ಕಂಡಾಗ ನನಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಅತ್ತೆಯ ಮುಖ ನೋಡಿದೆ. ಅವರು ಸೊಂಟಕ್ಕೆ ಸೆರಗು ಸಿಕ್ಕಿಸಿ ಬಡಿಸುತ್ತಿದ್ದರು. ನೀವೂ ಕೂತ್ಕೊಳ್ಳಿ ಅತ್ತೆ ಎಂದರೆ, "ನಾನು ಆಮೇಲೆ ಕೂರ್ತೀನಿ, ನೀನು ತಿನ್ನಮ್ಮ" ಅಂದರು. ನಾನು ತಿಂದೆ.

ಹೋದ ಕಾರ್ತಿಕದಲ್ಲಿ ಚನ್ನಕೇಶವ ಚಿಕ್ಕಪ್ಪ ಫೋನ್ ಮಾಡಿದರು. ಊರು ಬೆಳೆಯುತ್ತಿದೆ, ಬೀದಿ ಅಗಲ ಮಾಡುತ್ತಾರೆ, ಮನೆಯ ಮುಂಭಾಗಕ್ಕೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋಗಿದ್ದಾರೆ. ಜಗಲಿ, ನಡುಮನೆ, ಅಡಿಗೆಮನೆಯ ಅರ್ಧ ಹೋಗುತ್ತದೆ. ಉಳಿದದ್ದರಲ್ಲಿ ಸಂಸಾರ ಮಾಡಲಾಗುವುದಿಲ್ಲ. ಶಿಡ್ಲಘಟ್ಟದ ರಸ್ತೆಯ ಲೇಔಟಿನಲ್ಲಿ ಮನೆ ನೋಡಿದ್ದಾರೆ. ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಎಲ್ಲರೂ ಆ ಮನೆಯಲ್ಲಿ ಕೊನೆಯ ಸಲ ಊಟ ಮಾಡುವುದು ಎಂದು ಅಜ್ಜಿ ಹೇಳಿದ್ದಾರಂತೆ.

ಸುದ್ದಿ ಕೇಳಿ ಮಾವ ಅಂದದ್ದು ಒಂದೇ ಮಾತು: "ಶಿಡ್ಲಘಟ್ಟದ ರಸ್ತೇನಾ? ಹಂಗಾದ್ರೆ ಮೂರು ಕಿಲೋಮೀಟ್ರು ನಮ್ಮ ಕಡೆಗೆ ಬಂದ್ರು ಅನ್ನು."

ಅತ್ತೆ ನಗಲಿಲ್ಲ. ಎದ್ದು ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತು ಬಿಟ್ಟು ನಾನು ಹೋದೆ. ತುಳಸಿ ಕಟ್ಟೆಯ ಹತ್ತಿರ ನಿಂತಿದ್ದರು.

"ಮಹತಿ, ನಾನು ಯಾವತ್ತೂ ಏನೂ ಕೇಳಿಲ್ಲ ಕಣೇ. ಆ ಮನೆ ಬೀಳೋಕ್ ಮುಂಚೆ ಇವ್ರು ಅಲ್ಲಿ ಒಂದೇ ಒಂದು ಹೊತ್ತು ಊಟ ಮಾಡ್ಬೇಕು. ನಮ್ಮಮ್ಮನ ಕೈಯಲ್ಲಿ. ಅಷ್ಟೇ ನಂಗೆ ಬೇಕಾಗಿರೋದು."

"ಕೇಳಿಬಿಡಿ ಅತ್ತೆ."

"ಕೇಳಿ ಮಾಡ್ಸೋದಾಗಿದ್ರೆ ಯಾವಾಗ್ಲೋ ಮಾಡ್ಸಿರ್ತಿದ್ದೆ."

ಆ ವಾರವೇ ನನಗೊಂದು ಅಸ್ತ್ರ ಸಿಕ್ಕಿತು. ಬೆಳಿಗ್ಗೆ ಹಾಲು ಕಾಯಿಸಲು ಪ್ಯಾಕೆಟ್ಟು ಕತ್ತರಿಸುತ್ತ ಸುಮ್ಮನೆ ಅದರ ಮೇಲಿದ್ದದ್ದನ್ನು ಓದಿದೆ. ಹಾಲು ತುಂಬಿಸಿದ ಡೈರಿ ಇದ್ದದ್ದು ಚಿಕ್ಕಬಳ್ಳಾಪುರದಲ್ಲಿ. ಚಿಂತಾಮಣಿಯ ಹಳ್ಳಿಗಳ ಹಸುಗಳು ಕರೆದ ಹಾಲು ಟ್ಯಾಂಕರಿನಲ್ಲಿ ಅಲ್ಲಿಗೆ ಹೋಗಿ, ಪ್ಯಾಕೆಟ್ಟಾಗಿ ಮತ್ತೆ ನಮ್ಮ ಮನೆಗೇ ಬರುತ್ತಿತ್ತು. ಮಾವ ವರ್ಷಗಟ್ಟಲೆ ಫ್ಲಾಸ್ಕಿನಲ್ಲಿ ಕಟ್ಟಿಕೊಂಡು ಹೋದ ಅಪ್ಪಟ ಚಿಂತಾಮಣಿ ಕಾಫಿ ಇದೇ ಹಾಲಿನದು! ನಾನು ಕುಣಿದಾಡುವುದೊಂದು ಬಾಕಿ. ಪ್ಯಾಕೆಟ್ಟು ಹಿಡಿದುಕೊಂಡು ಅತ್ತೆಯ ಹತ್ತಿರ ಓಡಿದೆ.

ಅತ್ತೆ ನೋಡಿ, "ಗೊತ್ತು ಕಣೇ. ಎಷ್ಟೋ ವರ್ಷದಿಂದ ಗೊತ್ತು" ಅಂದರು.

"ಗೊತ್ತಿದ್ದೂ ಹೇಳಿಲ್ವಾ? ಶಪಥ ಎಂದೋ ಮುರ್ದೋಯ್ತಲ್ಲ ಅತ್ತೆ!"

"ಹಾಲಿನ ಪ್ಯಾಕೆಟ್ಟು ಹೇಳ್ತು ಅಂತ ಅವ್ರು ನಮ್ಮಮ್ಮನ ಮನೇಲಿ ಊಟ ಮಾಡೋದು ನಂಗೆ ಬೇಡ. ಅವ್ರಿಗೇ ಮನಸ್ಸು ಬರ್ಬೇಕು. ನೀನು ಬಾಯಿ ಬಿಡ್ಬೇಡ."

ನಾನು ಎಂಟು ದಿನ ಬಾಯಿ ಬಿಡಲಿಲ್ಲ. ನನ್ನ ಮಟ್ಟಿಗೆ ಅದು ದೊಡ್ಡ ಸಾಧನೆ. ಒಂಬತ್ತನೆಯ ದಿನ ಮಾವ ಕಾಫಿ ಹೀರುತ್ತ, ಚಿಕ್ಕಬಳ್ಳಾಪುರದಲ್ಲಿ ಒಳ್ಳೆಯ ಕಾಫಿ ಸಿಗುವುದಿಲ್ಲವೆಂದೂ ಆ ಊರಿನ ನೀರಿನ ಗುಣವೇ ಅಂಥದ್ದೆಂದೂ ಅಪ್ಪಣೆ ಕೊಡಿಸಿದರು. ಹದಿನೇಳು ವರ್ಷದಿಂದ ಅಲ್ಲಿನ ನೀರು ಕುಡಿಯದವರಿಗೆ ಅದರ ಗುಣ ಹೇಗೆ ಗೊತ್ತು? ನನ್ನ ಸಿಟ್ಟು ನೆತ್ತಿಗೇರಿತು. ಪ್ಯಾಕೆಟ್ಟು ತಂದು ಅವರ ಮುಂದೆ ಇಟ್ಟು, "ಓದಿ ಮಾವ" ಅಂದೆ.

ಕನ್ನಡಕ ಹಾಕಿಕೊಂಡು ಓದಿದರು. ಇನ್ನೊಮ್ಮೆ ಓದಿದರು. ಲೋಟ ಕೆಳಗಿಟ್ಟರು. ಈಗ ನಗುತ್ತಾರೆ, ಎಲ್ಲ ಮುಗಿಯುತ್ತದೆ ಎಂದುಕೊಂಡೆ. ಮಾವ ಎದ್ದು ಚಪ್ಪಲಿ ಮೆಟ್ಟಿ ಹೊರಟರು. ಅರ್ಧ ಗಂಟೆಯ ಮೇಲೆ, ಎರಡು ಬೀದಿ ಆಚೆ ಹಸು ಕಟ್ಟಿಕೊಂಡಿರುವ ಬಯ್ಯಪ್ಪನಿಂದ ಒಂದು ಲೀಟರ್ ಹಾಲು ತಂದು ಅಡಿಗೆಮನೆಯಲ್ಲಿಟ್ಟು, "ನಾಳೆಯಿಂದ ಇದು" ಎಂದರು. ಶಪಥ ಮುರಿಯುವ ಬದಲು ಇನ್ನೂ ಬಿಗಿಯಾಯಿತು. ಅತ್ತೆ ನನ್ನ ಕಡೆ ನೋಡಲೂ ಇಲ್ಲ. ಎರಡು ದಿನ ನನ್ನ ಹತ್ತಿರ ಉಪ್ಪು, ಹುಣಸೆಹಣ್ಣಿನ ಮಾತು ಬಿಟ್ಟರೆ ಬೇರೆ ಮಾತಾಡಲಿಲ್ಲ. ನಾನು ಮಾಡಿದ್ದು ತಪ್ಪು. ಅವರ ಆಸೆಯನ್ನು ನಾನೇ ಕೈಯಾರೆ ಕೆಡಿಸಿದೆನೆಂದು ಅತ್ತುಕೊಂಡೆ.

ಆ ಭಾನುವಾರ ಬಂತು. ಬೆಳಿಗ್ಗೆ ಅತ್ತೆ ಎಂದಿನಂತೆ ಮಾವನ ಡಬ್ಬಿ ಕಟ್ಟಿದರು. ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ. ಬಾಟಲಿಗೆ ನೀರು ತುಂಬಿಸುವಾಗ ಅವರ ಕೈ ಸ್ವಲ್ಪ ನಿಂತಿತು, ಆಮೇಲೆ ಮುಚ್ಚಳ ಹಾಕಿದರು. ನಾನು, ಕೇಶವ್, ಅತ್ತೆ, ಮಾವ ನಾಲ್ವರೂ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಮಾವ ಒಂದು ಲೇಔಟನ್ನೂ ತೋರಿಸಲಿಲ್ಲ.

ಮನೆಯಲ್ಲಿ ಇಪ್ಪತ್ತು ಜನ ಸೇರಿದ್ದರು. ಗೋಡೆಯ ಮೇಲೆ ಕೆಂಪು ಗೀಟು. ನೆಲದ ಮೇಲೆ ಗಂಟು ಕಟ್ಟಿದ ಪಾತ್ರೆಗಳು. ಒಳಗಿನಿಂದ ಹಿತಕವರೆಬೇಳೆ ಹುಳಿಯ ವಾಸನೆ ಬೀದಿಯವರೆಗೂ ಬರುತ್ತಿತ್ತು. ಎಂಬತ್ತಾರು ವರ್ಷದ ಅಜ್ಜಿ ಒಲೆಯ ಮುಂದೆ ತಾವೇ ನಿಂತು ಒಗ್ಗರಣೆ ಹಾಕಿದ್ದರಂತೆ, ಬೇರೆ ಯಾರನ್ನೂ ಹತ್ತಿರ ಬಿಡಲಿಲ್ಲವಂತೆ. ಮಾವ ಅಜ್ಜಿಗೆ ನಮಸ್ಕಾರ ಮಾಡಿದರು, ಕೇಶವ್ ಜೊತೆ ಸೇರಿ ಎರಡು ಬಟ್ಟೆಯ ಬೀರುಗಳನ್ನು ಹೊರಗೆ ಸಾಗಿಸಿದರು, ಎಲೆ ಹಾಕುವ ಸದ್ದಾದಾಗ ಎಂದಿನಂತೆ ಜಗಲಿಗೆ ಹೋಗಿ ಕೂತರು. ಮೊದಲ ಪಂಕ್ತಿ ಕೂತಿತು. ನಾನು ಈ ಸಲ ಕೂರಲಿಲ್ಲ, ಬಾಗಿಲಲ್ಲಿ ನಿಂತಿದ್ದೆ. ಅತ್ತೆ ಪಲ್ಯದ ಪಾತ್ರೆ ಹಿಡಿದು ಬಡಿಸುತ್ತಿದ್ದರು.

ಆಗ ಅಶ್ವತ್ಥಮ್ಮಜ್ಜಿ ಗೋಡೆ ಹಿಡಿದುಕೊಂಡು ಮೆಲ್ಲಗೆ ನಡುಮನೆ ದಾಟಿ ಜಗಲಿಗೆ ಬಂದರು. ಮಾವ ಡಬ್ಬಿಯ ಮುಚ್ಚಳದ ಮೇಲೆ ಕೈ ಇಟ್ಟಿದ್ದವರು ಗಡಬಡಿಸಿ ಎದ್ದು ನಿಂತರು.

"ಕೂತ್ಕೊಳ್ಳಿ ಅಳಿಯಂದಿರೇ" ಅಂದರು ಅಜ್ಜಿ. "ನೀವು ಊಟ ಮಾಡಿ ಅಂತ ಕೇಳೋಕೆ ಬಂದಿಲ್ಲ. ನಿಮ್ಮ ಮಾತು ನಿಮ್ಮದು. ಗಂಡಸರು ಆಡಿದ ಮಾತು, ಇರ್ಲಿ. ಆದ್ರೆ ಜಾನಕಿಗೆ ಒಂದು ಮಾತು ಹೇಳಿ. ಈವತ್ತಾದ್ರೂ ಈ ಮನೇಲಿ ಎರಡು ತುತ್ತು ತಿನ್ನು ಅಂತ. ನಾನು ಹೇಳಿದ್ರೆ ಕೇಳಲ್ಲ. ನೀವು ಹೇಳಿದ್ರೆ ಕೇಳ್ತಾಳೆ."

ಮಾವನಿಗೆ ಅರ್ಥವಾಗಲಿಲ್ಲ. "ಅವ್ಳು ತಿಂತಾಳಲ್ಲ ಅತ್ತೆ" ಅಂದರು.

"ಎಲ್ಲಿ ತಿಂತಾಳೆ? ನೀವು ಈ ಜಗಲಿ ಮೇಲೆ ಡಬ್ಬಿ ಬಿಚ್ಚಿದ ದಿನದಿಂದ ನನ್ನ ಮಗಳು ನನ್ನ ಮನೇಲಿ ಒಂದು ಅಗುಳು ಬಾಯಿಗೆ ಹಾಕಿಲ್ಲ. ಹದಿನೇಳು ವರ್ಷ ಆಯ್ತು. ಬಡಿಸ್ತಾಳೆ, ಪಾತ್ರೆ ಎತ್ತಿಡ್ತಾಳೆ, ಹೋಗ್ತಾಳೆ. ಎಷ್ಟು ಬೈದೆ, ಎಷ್ಟು ಕಣ್ಣೀರು ಹಾಕ್ದೆ. ನಾಳೆ ಈ ಒಲೆ ಇರಲ್ಲ, ನಾನೂ ಎಷ್ಟು ದಿನ ಇರ್ತೀನೋ. ಅವಳಿಗೆ ಒಂದು ಮಾತು ಹೇಳಿ."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಏಳು ವರ್ಷ ಈ ಮನೆಯಲ್ಲಿ ಹೊಟ್ಟೆ ಬಿರಿಯ ಉಂಡಿದ್ದೇನೆ, ಅತ್ತೆ ಉಂಡರೋ ಇಲ್ಲವೋ ಎಂದು ಒಂದು ದಿನವೂ ತಿರುಗಿ ನೋಡಿರಲಿಲ್ಲ. ಅತ್ತೆಯ ಮೇಲೂ ನನಗೆ ಸಿಟ್ಟು ಬಂತು. ಯಾರದೋ ಊರಿನ ಜಗಳಕ್ಕೆ ಇವರು ಯಾಕೆ ಉಪವಾಸ ಇರಬೇಕಿತ್ತು?

ಅತ್ತೆ ಪಲ್ಯದ ಪಾತ್ರೆ ಹಿಡಿದುಕೊಂಡೇ ಬಂದರು. "ಅಮ್ಮಾ, ಸುಮ್ನಿರು" ಅಂದರು.

ಮಾವ ಕೇಳಿದರು, "ಹೌದಾ ಜಾನಕಿ?"

ಅತ್ತೆ ಪಾತ್ರೆಯೊಳಗಿನ ಸೌಟನ್ನು ತಿರುಗಿಸಿದರು.

"ಪ್ರತೀ ಸಲ ಬಸ್ಸಲ್ಲಿ ಹೊಟ್ಟೆ ತುಂಬಿದೆ, ರಾತ್ರಿಗೆ ಏನೂ ಬೇಡ ಅಂತಿದ್ಯಲ್ಲೇ."

"ಅಂತಿದ್ದೆ."

"ಯಾಕೆ?"

"ನೀವು ಇಲ್ಲಿ ಬೀದೀಲಿ ಡಬ್ಬಿ ಬಿಚ್ಕೊಂಡು ಕೂತಿರ್ತೀರ. ಹೋಗೋರು ಬರೋರೆಲ್ಲ ಮಾತಾಡ್ಸಿ ನಗ್ತಾರೆ. ನಾನು ಒಳಗೆ ಎಲೆ ಮುಂದೆ ಹೆಂಗ್ರೀ ಕೂರ್ಲಿ? ಗಂಟಲಲ್ಲಿ ಇಳಿಯತ್ತಾ?" ಹದಿನೇಳು ವರ್ಷದಲ್ಲಿ ಅತ್ತೆ ಈ ವಿಷಯ ಮಾವನ ಮುಂದೆ ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

ಮಾವನ ಮುಖದಲ್ಲಿ ರಕ್ತವೇ ಇರಲಿಲ್ಲ. ಚಿಂತಾಮಣಿಯಿಂದ ನಲವತ್ತು ಕಿಲೋಮೀಟರ್ ದಾರಿಯಲ್ಲಿ ಯಾವ ಅಂಗಡಿ ಎಂದು ತೆರೆಯಿತು ಎನ್ನುವುದೆಲ್ಲ ಬಾಯಿಪಾಠ ಇದ್ದ ಮನುಷ್ಯ. ಪಕ್ಕದ ಸೀಟಿನಲ್ಲಿ ಹಸಿದು ಕೂತಿದ್ದ ಹೆಂಡತಿಯನ್ನು ಮಾತ್ರ ಕಂಡಿರಲಿಲ್ಲ. ಮಾವ ಡಬ್ಬಿಯನ್ನು ಕೇಶವ್ ಕೈಗೆ ಕೊಟ್ಟರು. ಹಿತ್ತಲ ನಲ್ಲಿಗೆ ಹೋಗಿ ಕೈಕಾಲು ತೊಳೆದುಕೊಂಡರು. ಒದ್ದೆ ಕಾಲಿನಲ್ಲಿಯೇ ಒಳಗೆ ಬಂದು ಅಜ್ಜಿಯ ಮುಂದೆ ನಿಂತರು.

"ಅತ್ತೆ, ಒಂದು ಲೋಟ ನೀರು ಕೊಡಿ" ಅಂದರು.

ಚನ್ನಕೇಶವ ಚಿಕ್ಕಪ್ಪ ತರಲು ಹೋದರೆ ಅಜ್ಜಿ ಬೇಡವೆಂದು ತಾವೇ ಹೋಗಿ ಬಿಂದಿಗೆಯಿಂದ ತಂದುಕೊಟ್ಟರು. ಮಾವ ನಿಂತುಕೊಂಡೇ ಅಷ್ಟನ್ನೂ ಕುಡಿದರು. ಲೋಟ ಕೆಳಗಿಟ್ಟು ಅತ್ತೆಯ ಕಡೆ ತಿರುಗಿ, "ಬಾ, ಕೂತ್ಕೋ. ಇಬ್ರಿಗೂ ಎಲೆ ಹಾಕಮ್ಮ ಮಹತಿ" ಎಂದರು.

"ನಾನು ಆಮೇಲೆ..." ಎಂದು ಅತ್ತೆ ಅಭ್ಯಾಸದಂತೆ ಶುರುಮಾಡಿದರು.

"ಆಮೇಲೆ ಇಲ್ಲ. ಈಗ. ನನ್ನ ಜೊತೇಲೆ" ಅಂದರು ಮಾವ. ಅತ್ತೆಯ ಕೈಯಿಂದ ಪಲ್ಯದ ಪಾತ್ರೆಯನ್ನು ತಾವೇ ತೆಗೆದು ನನಗೆ ಕೊಟ್ಟರು.

ಅಕ್ಕಪಕ್ಕ ಎರಡು ಎಲೆ ಹಾಕಿದೆ. ನೀರು ಚಿಮುಕಿಸುವಾಗ ಅರ್ಧ ನೆಲಕ್ಕೆ ಬಿತ್ತು. ಅಜ್ಜಿ ಎದುರಿಗೆ ಮಣೆ ಹಾಕಿಸಿಕೊಂಡು ಕೂತು ಹುಳಿಯ ಪಾತ್ರೆಯನ್ನು ಪಕ್ಕಕ್ಕೆ ಎಳೆದುಕೊಂಡರು. ಅಳಿಯನಿಗೆ ಒಂದು ಸೌಟು, ಮಗಳಿಗೆ ಒಂದು ಸೌಟು. ಮಾವ ಒಂದು ತುತ್ತು ತಿಂದರು. ಏನಾದರೂ ಹೇಳದಿದ್ದರೆ ಅವರು ಮಾವನೇ ಅಲ್ಲ. "ಉಪ್ಪು ಒಂದು ಹರಳು ಕಮ್ಮಿ. ನೀರು ಸಪ್ಪೆ ಈ ಊರಲ್ಲಿ" ಅಂದರು. ಚಿಕ್ಕಪ್ಪ ಜೋರಾಗಿ ನಕ್ಕರು. ಅಜ್ಜಿ ನೋಡುತ್ತಿದ್ದದ್ದು ಮಗಳನ್ನು.

ಅತ್ತೆ ಮೊದಲ ತುತ್ತು ಕಲೆಸಲು ಬಹಳ ಹೊತ್ತು ತೆಗೆದುಕೊಂಡರು. ಬಾಯಿಗಿಟ್ಟರು. ಆಮೇಲೆ ನಿಲ್ಲಿಸಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ, ತಿನ್ನುತ್ತಲೇ ಇದ್ದರು. ಐವತ್ತೆಂ‌ಟು ವರ್ಷದ ನನ್ನ ಅತ್ತೆ ಎಲೆಯಿಂದ ತಲೆ ಎತ್ತದೆ, "ಅಮ್ಮಾ, ಇನ್ನೊಂಚೂರು ಹುಳಿ ಹಾಕು" ಅಂದರು. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದರು. ಮೂರನೆಯ ಸಲವೂ ಕೇಳಿದರು.

"ನಿಧಾನ ಕಣೇ, ಯಾರೂ ಕಿತ್ಕೊಳ್ಳಲ್ಲ" ಎಂದು ಅಜ್ಜಿ ಬಡಿಸುತ್ತ ಹೋದರು. ಮಾವ ತಮ್ಮ ಎಲೆಯನ್ನು ಮರೆತು ಅತ್ತೆಯನ್ನೇ ನೋಡುತ್ತ ಕೂತಿದ್ದರು. ಊಟ ಮುಗಿದ ಮೇಲೆ ಎಲೆ ಎತ್ತಿದವಳು ನಾನು. ಅತ್ತೆಯ ಎಲೆಯಲ್ಲಿ ನಾಲ್ಕು ಕರಿಬೇವಿನ ಎಸಳು ಬಿಟ್ಟು ಏನೂ ಉಳಿದಿರಲಿಲ್ಲ.